ಮಗಳಿಗೊಂದು ಪತ್ರ: ಹಂದಿ, ವೈರಸ್ಸು, ಜ್ಯೇಷ್ಠಮಧು

ಪುಟ್ಟಿ,

ವುಹಾನ್‌ನಿಂದ ಕಳ್ಸಿದ, ಸೆಲ್ಸ್ ಬೆಳೆಸೋ ಪ್ಲೇಟಿನ ಫೋಟೋ ನೋಡ್ದೆ ಕಣೇ. ಬರೀ ವೈರಸ್ ಹಾಕಿರೋ ಕಡೆ ಸೆಲ್ಸ್ ಉಂಡೆ ಕಟ್ಟಿ ತಳ ಬಿಟ್ಟು ಎದ್ದಿವೆ, ಔಷಧಿ ಹಾಕಿರೋ ಕಡೆ ಗಟ್ಟಿಯಾಗಿ ಅಂಟ್ಕೊಂಡು ಕೂತಿವೆ, ಖುಷಿ ಆಯ್ತು. ಆದ್ರೆ "ಅಮ್ಮಾ, ಜ್ಯೇಷ್ಠಮಧು ಪಿಆರ್‌ಆರ್‌ಎಸ್ ವೈರಸ್ಸನ್ನ ಕೊಲ್ಲುತ್ತೆ" ಅಂತ ಬರ್ದಿದ್ಯಲ್ಲ, ಹಂದಿಗೆ ಉಸಿರಾಟದ ತೊಂದ್ರೆ, ಗರ್ಭಪಾತ ತರೋ ಆ ವೈರಸ್ ವಿಷ್ಯದಲ್ಲಿ ಸ್ವಲ್ಪ ತಡಿ.

ನಿನ್ ಪ್ಲೇಟಲ್ಲಿರೋದು ಮಾರ್ಕ್-145, ಅಂದ್ರೆ ಕೋತಿ ಕಿಡ್ನಿ ಸೆಲ್ಸು. ಹಂದೀಲಿ ಈ ವೈರಸ್ ಮುಖ್ಯವಾಗಿ ಮನೆ ಮಾಡೋದು ಶ್ವಾಸಕೋಶದ ಮ್ಯಾಕ್ರೋಫೇಜಲ್ಲಿ, ಅಂದ್ರೆ ರೋಗಾಣು ನುಂಗೋ ರಕ್ಷಣೆಯ ಸೆಲ್ಸಲ್ಲಿ, ಅದ್ರಲ್ಲೂ ಮಾಡಿ ನೋಡು. ವೈರಸ್ ಇಲ್ದೆ ಬರೀ ಔಷಧಿ ಹಾಕಿ ಎಂಟಿಟಿ, ಅಂದ್ರೆ ಎಷ್ಟು ಸೆಲ್ಸ್ ಬದುಕಿವೆ ಅಂತ ನೋಡೋ ಪರೀಕ್ಷೆ, ಮಾಡಿದ್ಯಾ? ಅರ್ಧ ಸೆಲ್ಸ್ ಸಾಯಿಸೋ ಡೋಸನ್ನ ಅರ್ಧ ವೈರಸ್ ತಡೆಯೋ ಡೋಸಿಂದ ಭಾಗಿಸಿದ್ರೆ ಬರೋ ನಂಬರ್ ಎರಡೋ ಮೂರೋ ಆದ್ರೆ ಅದು ಔಷಧಿಯ ಗುಣ ಅಲ್ದೆ, ಸೆಲ್ಸೇ ಸುಸ್ತಾಗಿ ವೈರಸ್ಸಿಗೆ ಜಾಗ ಇಲ್ದಂಗಾಗಿರ್ಬಹುದು ಅಷ್ಟೆ. ಇನ್ನೊಂದು, ವೈರಸ್ಸಿಗಿಂತ ಮುಂಚೆ ಹಾಕಿದ್ಯಾ, ಜೊತೆಗಾ, ಆಮೇಲಾ? ಜ್ಯೇಷ್ಠಮಧುವಿನಲ್ಲಿರೋ ಗ್ಲಿಸಿರೈಜಿನ್ ತಡೆಯೋದು ಹೆಚ್ಚಾಗಿ ವೈರಸ್ ಒಳಗೆ ನುಗ್ಗೋ ಹಂತದಲ್ಲಿ. ಆಗ್ಲೇ ಜ್ವರ ಬಂದು ಕಿವಿ ನೀಲಿಯಾಗಿ ಮಲಗಿರೋ ಹಂದಿಗೆ ಅದ್ರಿಂದ ಎಷ್ಟು ಉಪಯೋಗ ಹೇಳು.

ಇನ್ನು ನೀನು ಬರೆದ ಬೈಕಲಿನ್, ಚೀನೀ ಔಷಧಿ ಗಿಡವೊಂದರ ಬೇರಿಂದ ತೆಗೆಯೋ ಹಳದಿ ಪುಡಿ. ನೀರಲ್ಲಿ ಸರಿಯಾಗಿ ಕರಗಲ್ಲ, ಹೊಟ್ಟೆಗೆ ಹೋದ್ಮೇಲೆ ಕರುಳಿನ ಬ್ಯಾಕ್ಟೀರಿಯಾ ಅದ್ರ ಸಕ್ಕರೆ ಭಾಗ ಕತ್ತರಿಸಿ ಬೈಕಲೀನ್ ಅನ್ನೋ ಬೇರೆ ಪದಾರ್ಥ ಮಾಡುತ್ತೆ, ಸೋ ಕರುಳು ಹೀರ್ಕೊಳ್ಳೋದು ಹೆಚ್ಚಾಗಿ ನೀನು ಪ್ಲೇಟಿಗೆ ಹಾಕಿದ್ದೇ ಆಗಿರಲ್ಲ. ಮೇಲಾಗಿ ಕಾಯಿಲೆ ಬಿದ್ದ ಹಂದಿ ಮೊದ್ಲು ಮೇವು ಬಿಡುತ್ತೆ, ಫೀಡಲ್ಲಿ ಕಲಸಿದ ಔಷಧಿ ತೊಟ್ಟೀಲೇ ಉಳಿಯುತ್ತೆ!

ಚೀನಾದವ್ರಿಗೆ ಇದು ಯಾಕೆ ಇಷ್ಟು ಮುಖ್ಯ ಅಂತ ನಂಗೂ ಅರ್ಥ ಆಗುತ್ತೆ. 2006ರಲ್ಲಿ ಇದೇ ವೈರಸ್ಸಿನ ಜೋರು ತಳಿ ಅಲ್ಲಿನ ಫಾರ್ಮ್‌ಗಳನ್ನ ಹಾಳು ಮಾಡ್ತು, ವ್ಯಾಕ್ಸೀನ್ ಇದ್ರೂ ವೈರಸ್ ರೂಪ ಬದಲಾಯಿಸ್ತಾನೇ ಇರುತ್ತೆ, 2018ರ ಆಗಸ್ಟಲ್ಲಿ ಶೆನ್ಯಾಂಗ್‌ನಲ್ಲಿ ಆಫ್ರಿಕನ್ ಹಂದಿಜ್ವರ ಬೇರೆ ಕಾಣಿಸ್ಕೊಳ್ತು, 2020ರಿಂದ ಬೆಳವಣಿಗೆಗೆ ಅಂತ ಫೀಡಲ್ಲಿ ಆಂಟಿಬಯಾಟಿಕ್ ಹಾಕೋದೂ ನಿಂತಿದೆ. ಅಂಥಾ ಹೊತ್ತಲ್ಲಿ ಬೇರಿನ ಪುಡಿ ಮಾರೋರಿಗೆ ಹಬ್ಬ. ಆದ್ರೆ ಚೀನಾದ ವಿಜ್ಞಾನಿ ಟು ಯೂಯೂ ಅವ್ರು ಗಿಡದಿಂದ ಮಲೇರಿಯಾ ಔಷಧಿ ಆರ್ಟೆಮಿಸಿನಿನ್ ಕಂಡುಹಿಡಿದಿದ್ದು ಹಳೇ ಗ್ರಂಥ ಓದಿ ಸುಮ್ನೆ ಕೂತಿದ್ರಿಂದಲ್ಲ, ಬಿಸಿಗೆ ಗುಣ ಹೋಗ್ತಿದೆ ಅಂತ ಅನುಮಾನ ಬಂದು ಈಥರ್‌ನಲ್ಲಿ ತಣ್ಣಗೆ ತೆಗೆದು ನೋಡಿದ್ರಿಂದ.

ಮ್ಯಾಕ್ರೋಫೇಜ್ ರಿಸಲ್ಟ್ ಬಂದ್ಮೇಲೆ ವೈರಸ್ ಟೈಟರ್, ಅಂದ್ರೆ ಸೋಂಕು ತರೋ ವೈರಸ್ ಪ್ರಮಾಣ, ಎಷ್ಟು ಇಳೀತು ಅನ್ನೋ ಗ್ರಾಫ್ ಕಳ್ಸು, ಫೋಟೋ ಇನ್ನು ಬೇಡ. ನಿಮ್ಮಪ್ಪ ಅಲ್ಲಿ ಊಟ ಸರಿಯಾಗಿ ಮಾಡ್ತಿದ್ದಾಳಾ ಅಂತ ಕೇಳ್ತಿದ್ರು, ಭಾನುವಾರ ಅವ್ರಿಗೇ ಫೋನ್ ಮಾಡಿ ಹೇಳು.

ಅಮ್ಮ