ನಿದ್ದೆ ಬರುವವರೆಗೂ ಕಾದವರಿಗೆ

ಹೋದ ವಾರ ನಮ್ಮ ಪುಟ್ಟಿಗೆ ಒಂಬತ್ತು ತಿಂಗಳು ತುಂಬಿತು. ತುಮಕೂರಿನಲ್ಲಿ ಮತ್ತೊಮ್ಮೆ ಬೇರಾ ಪರೀಕ್ಷೆ ಮಾಡಿಸಿದೆವು, ಅಂದರೆ ಸದ್ದಿಗೆ ಕಿವಿಯ ನರ, ಮೆದುಳು ಸ್ಪಂದಿಸುತ್ತವಾ ಅಂತ ನೋಡುವ ಪರೀಕ್ಷೆ. ಎರಡೂ ಕಿವಿ ಚೆನ್ನಾಗಿ ಕೇಳುತ್ತಿವೆ. ಗುಬ್ಬಿಗೆ ವಾಪಸ್ ಬರುವಾಗ ಬಸ್ಸಿನಲ್ಲಿ ಸುಮ್ನೆ ಅಳುತ್ತಾ ಕೂತಿದ್ದೆ. ಪಕ್ಕದಲ್ಲಿದ್ದ ಅಜ್ಜಿ ಏನೋ ಕೆಟ್ಟದ್ದಾಗಿದೆ ಅಂದುಕೊಂಡು ಬಾಳೆಹಣ್ಣು ಕೊಟ್ಟರು.

ಪುಟ್ಟಿ ಹುಟ್ಟಿದ್ದು 33ನೇ ವಾರಕ್ಕೆ. ಮೂರನೇ ದಿನಕ್ಕೇ ರಕ್ತದಲ್ಲಿ ಸೋಂಕು. 10 ದಿನ ಅಮಿಕಾಸಿನ್ ಅನ್ನೋ ಆ್ಯಂಟಿಬಯಾಟಿಕ್ ಇಂಜೆಕ್ಷನ್. ಅವಳು ಉಳಿದದ್ದು ಅದರಿಂದಲೇ. ಆದರೆ ಈ ಜಾತಿಯ ಔಷಧಿ ಒಳಗಿವಿಯ ಸಣ್ಣ ಕೂದಲಿನಂಥ ಕೋಶಗಳನ್ನು ಕೊಲ್ಲಬಹುದು, ಹೋದವು ಮತ್ತೆ ಹುಟ್ಟುವುದಿಲ್ಲ ಅಂತ ಡಾಕ್ಟರ್ ಮೊದಲೇ ಕೂರಿಸಿ ಹೇಳಿದ್ದರು. ತಿಂಗಳು ತುಂಬದ ಮಕ್ಕಳ ಕಿಡ್ನಿ ಔಷಧಿಯನ್ನು ನಿಧಾನವಾಗಿ ಹೊರಹಾಕುತ್ತದೆ. ಅದಕ್ಕೇ ಒಂದು ಡೋಸ್‌ಗೂ ಇನ್ನೊಂದಕ್ಕೂ ಅಂತರ ಜಾಸ್ತಿ, ನಡುವೆ ಕಿಡ್ನಿ ಹೇಗೆ ಕೆಲಸ ಮಾಡ್ತಿದೆ ಅಂತ ನೋಡುವ ಕ್ರಿಯೇಟಿನಿನ್ ರಕ್ತಪರೀಕ್ಷೆ. ರಾತ್ರಿ ಪಾಳಿಯ ಸಿಸ್ಟರ್ ಡೋಸ್ ಕೊಟ್ಟ ಹೊತ್ತನ್ನು ಚಾರ್ಟ್‌ನಲ್ಲಿ ಬರೆದು, ಸಾಲದು ಅಂತ ಕೈಮೇಲೂ ಪೆನ್ನಿನಲ್ಲಿ ಗೀಚಿಕೊಳ್ಳುತ್ತಿದ್ದರು.

"ನಿಮ್ಮ ತಾಯಿ ಕಡೆಯವರಲ್ಲಿ ಇಂಜೆಕ್ಷನ್ ಆದ ಮೇಲೆ ಯಾರಿಗಾದರೂ ಕಿವಿ ಹೋಗಿತ್ತಾ?" ಅಂತ ಡಾಕ್ಟರ್ ಕೇಳಿದಾಗ ನನಗೆ ಸಿಟ್ಟು ಬಂದಿತ್ತು. ಎಲ್ಲಕ್ಕೂ ಹೆಣ್ಣಿನ ಕಡೆಯನ್ನೇ ದೂರೋದು ನಮ್ಮಲ್ಲಿ ರೂಢಿ ಅಲ್ವಾ? ಅಂಥ ಒಂದು ದೋಷ ತಾಯಿಯಿಂದ ಮಾತ್ರ ಮಕ್ಕಳಿಗೆ ಬರುತ್ತದೆ, ಅದಿದ್ದರೆ ಒಂದೆರಡು ಡೋಸ್ ಕೂಡ ಅಪಾಯ ಅಂತ ಆಮೇಲೆ ತಿಳಿಯಿತು. ಡಾಕ್ಟರ್, ಆವತ್ತು ಮುಖ ತಿರುಗಿಸಿದ್ದಕ್ಕೆ ಕ್ಷಮಿಸಿ.

ಮನೆಗೆ ಕಳಿಸುವ ಮುಂಚೆ ಮಾಡಿದ ಪರೀಕ್ಷೆಯಲ್ಲಿ ಪಾಸಾಗಿದ್ದಳು. ಮತ್ತೆ ಯಾಕೆ ಅಂತ ನಮ್ಮತ್ತೆಯ ತಕರಾರು. "ತಮಟೆ ಸದ್ದಿಗೆ ಬೆಚ್ಚಿಬೀಳ್ತಾಳಲ್ಲ!" ಆಶಾ ಅಕ್ಕ ಮೂರು ಸಲ ಮನೆ ಬಾಗಿಲಿಗೆ ಬಂದರು. ಈ ಔಷಧಿಯಿಂದ ಮೊದಲು ಕೇಳದೆ ಹೋಗೋದು ಕೀರಲು ದನಿ, ಅದೂ ಕೆಲವು ಸಲ ತಡವಾಗಿ. ತಮಟೆ ಕೇಳಿದರೂ ಮಾತಿನಲ್ಲಿನ ಸ, ಶ ಕೇಳದೆ ಹೋಗಬಹುದು ಅಂತ ಬಿಡಿಸಿ ಹೇಳಿದರು.

ಪರೀಕ್ಷೆಗೆ ಮಗು ಮಲಗಿರಬೇಕು. ಬೆಳಗಿನ ನಾಲ್ಕರಿಂದ ಎಚ್ಚರವಾಗಿಟ್ಟಿದ್ದ ಪುಟ್ಟಿ ಬಸ್ಸಿನಲ್ಲಿ ಗೊರಕೆ ಹೊಡೆದಳು. ಹಣೆಗೂ ಕಿವಿ ಹಿಂದೆಯೂ ವೈರ್ ಅಂಟಿಸುವಾಗ ಕಣ್ಣುಬಿಟ್ಟು ನಕ್ಕಳು. ಕಿವಿ ಪರೀಕ್ಷೆ ಮಾಡುವ ಆಡಿಯಾಲಜಿಸ್ಟ್ ಮೇಡಂ ಲೈಟ್ ಆರಿಸಿ, "ಹಾಲು ಕೊಡಿ, ನಿಧಾನ ಆಗಲಿ" ಅಂದರು. ಒಂದೂವರೆ ಗಂಟೆ ಕಾದರು. ಟೇಬಲ್ ಮೇಲೆ ಅವರ ಊಟದ ಡಬ್ಬಿ ಮುಚ್ಚಿದ ಹಾಗೇ ಇತ್ತು.

ನಿಮಗೆಲ್ಲ ನಮ್ಮ ಮನೆಯವರೆಲ್ಲರ ನಮಸ್ಕಾರ. ಮಾತು ಸರಿಯಾಗಿ ಬರುವವರೆಗೂ ಗಮನ ಇಟ್ಟಿರಿ ಅಂದಿದ್ದೀರಿ. ಇಟ್ಟಿದ್ದೇವೆ. ಸದ್ಯಕ್ಕೆ "ತಾತಾ" ಅಂತಾಳೆ. ನಮ್ಮತ್ತೆ ಮುನಿಸಿಕೊಂಡಿದ್ದಾರೆ.