ವಿಮಾನಗಳ ಡಿಕ್ಕಿ: ತಪ್ಪು ಪೈಲಟ್‌ ಒಬ್ಬರದೇ?

ಮಾನ್ಯರೇ,

ವಿಮಾನ ನಿಲ್ದಾಣದ ಸಮೀಪ ಆಕಾಶದಲ್ಲಿ ಡಿಕ್ಕಿಯಾದಾಗಲೆಲ್ಲ ಮೊದಲು ಹುಡುಕುವುದು ಪೈಲಟ್‌ನ ತಪ್ಪನ್ನು. 1996ರ ನವೆಂಬರ್ 12ರ ಸಂಜೆ ಹರಿಯಾಣದ ಚರ್ಖಿ ದಾದ್ರಿಯಲ್ಲಿ 349 ಜನ ಸತ್ತಾಗ ಅದು ಸುಲಭವಾಗಿಯೇ ಸಿಕ್ಕಿತು. ದೆಹಲಿಯಲ್ಲಿ ಇಳಿಯಲು ಬರುತ್ತಿದ್ದ ಕಜಕಸ್ತಾನದ ಇಲ್ಯೂಷಿನ್ ವಿಮಾನವು 15,000 ಅಡಿಯಲ್ಲಿರಬೇಕೆಂಬ ಸೂಚನೆ ಮೀರಿ ಕೆಳಗಿಳಿದು, 14,000 ಅಡಿಗೆ ಏರಿದ್ದ ಸೌದಿ ವಿಮಾನಕ್ಕೆ ಬಡಿಯಿತೆಂದು ನ್ಯಾಯಮೂರ್ತಿ ಆರ್.ಸಿ. ಲಹೋಟಿ ಅವರ ತನಿಖೆ ಹೇಳಿತು.

ಆದರೆ ಸುತ್ತಲಿನ ಬಹುಪಾಲು ಆಕಾಶ ವಾಯುಪಡೆಗೆ ಮೀಸಲಾಗಿದ್ದರಿಂದ ಬರುವ ವಿಮಾನಕ್ಕೂ ಹೋಗುವ ವಿಮಾನಕ್ಕೂ ಅಲ್ಲಿದ್ದದ್ದು ಒಂದೇ ದಾರಿ. ರೇಡಾರ್ ವಿಮಾನದ ಜಾಗವನ್ನಷ್ಟೇ ತೋರುತ್ತಿತ್ತು. ಎತ್ತರ ತಿಳಿಯಲು ವಿಮಾನದಿಂದ ಬರುವ ಬಾಯಿಮಾತೇ ಗತಿ. ಆ ಮಾತನ್ನಾಡಬೇಕಿದ್ದ ಇಲ್ಯೂಷಿನ್‌ನ ರೇಡಿಯೊ ಆಪರೇಟರ್‌ ಮುಂದೆ ಎತ್ತರದ ಮಾಪಕವೇ ಇರಲಿಲ್ಲ, ಪೈಲಟ್‌ಗಳ ಹಿಂದಿನಿಂದ ಇಣುಕಿ ನೋಡಬೇಕಿತ್ತು! ದಾರಿಗಳನ್ನು ಬೇರ್ಪಡಿಸಿದ್ದು, ಡಿಕ್ಕಿ ತಪ್ಪಿಸುವ ಉಪಕರಣವನ್ನು ಕಡ್ಡಾಯ ಮಾಡಿದ್ದು ಎಲ್ಲ ಆಮೇಲೆ.

2025ರ ಜನವರಿ 29ರಂದು ವಾಷಿಂಗ್ಟನ್‌ನಲ್ಲಿ ಇಳಿಯುತ್ತಿದ್ದ ಪ್ರಯಾಣಿಕ ವಿಮಾನಕ್ಕೂ ಸೇನಾ ಹೆಲಿಕಾಪ್ಟರ್‌ಗೂ ಡಿಕ್ಕಿಯಾಗಿ 67 ಜನ ಸತ್ತಾಗಲೂ ಹೆಲಿಕಾಪ್ಟರ್ 200 ಅಡಿಯ ಮಿತಿಗಿಂತ ಮೇಲಿತ್ತು, ನಿಜ. ಆದರೆ ಮಿತಿಯೊಳಗೇ ಇದ್ದರೂ, ಇಳಿಯುವ ವಿಮಾನಕ್ಕೂ ಅದಕ್ಕೂ ನಡುವೆ ಕೆಲವೊಮ್ಮೆ 75 ಅಡಿಯಷ್ಟೇ ಅಂತರ ಉಳಿಯುವಂತೆ ಹೆಲಿಕಾಪ್ಟರ್‌ಗಳ ದಾರಿಯನ್ನು ಗುರುತಿಸಿದ್ದವರು ಪೈಲಟ್‌ಗಳಲ್ಲ. ಅಪಘಾತಕ್ಕೆ ಹಿಂದಿನ ಮೂರು ವರ್ಷಗಳಲ್ಲಿ ಅಲ್ಲಿ ವಿಮಾನ, ಹೆಲಿಕಾಪ್ಟರ್‌ಗಳು ತೀರಾ ಹತ್ತಿರ ಬಂದಿದ್ದ 15,000ಕ್ಕೂ ಹೆಚ್ಚು ಪ್ರಸಂಗಗಳು ದಾಖಲೆಯಲ್ಲೇ ಇದ್ದವು.

ನಮ್ಮ ಬೆಂಗಳೂರಿನಲ್ಲಿ ಕೆಂಪೇಗೌಡ ನಿಲ್ದಾಣ, ಯಲಹಂಕ ವಾಯುನೆಲೆ, ಜಕ್ಕೂರಿನ ಕಿರು ವಿಮಾನ ನಿಲ್ದಾಣ ಎಲ್ಲ ಅಕ್ಕಪಕ್ಕದಲ್ಲೇ ಇವೆ. 2022ರ ಜನವರಿ 7ರ ಬೆಳಿಗ್ಗೆ ಕೆಂಪೇಗೌಡ ನಿಲ್ದಾಣದ ಎರಡು ಸಮಾನಾಂತರ ರನ್‌ವೇಗಳಿಂದ ಎರಡು ವಿಮಾನಗಳು ಒಟ್ಟಿಗೇ ಮೇಲೇರಿ ಒಂದನ್ನೊಂದು ಸಮೀಪಿಸಿದವು. ಒಂದೇ ರನ್‌ವೇ ಬಳಸುವ ತೀರ್ಮಾನವನ್ನು ಇನ್ನೊಂದು ರನ್‌ವೇ ನೋಡಿಕೊಳ್ಳುತ್ತಿದ್ದ ಟವರ್ ನಿಯಂತ್ರಕರಿಗೆ ತಿಳಿಸಿರಲಿಲ್ಲವಂತೆ. ರೇಡಾರ್ ನೋಡುತ್ತಿದ್ದ ನಿಯಂತ್ರಕರು ಗಮನಿಸಿ ದಿಕ್ಕು ಬದಲಿಸಲು ಹೇಳಿದ್ದರಿಂದ ನೂರಾರು ಜೀವಗಳು ಉಳಿದವು. ಯಾರೂ ಸಾಯಲಿಲ್ಲವಾದ್ದರಿಂದ ಸುದ್ದಿಯೂ ನಾಲ್ಕು ದಿನಕ್ಕೆ ತಣ್ಣಗಾಯಿತು.

ಇಂಥ ಪ್ರಸಂಗಗಳ ತನಿಖಾ ವರದಿಗಳು ಬಂದಾಗ ಅವುಗಳ ಸಾರವನ್ನು ಪ್ರಕಟಿಸಿ, ವರ್ಷದ ನಂತರ ಯಾವ ಶಿಫಾರಸು ಜಾರಿಯಾಗಿದೆ, ಯಾವುದು ಇಲ್ಲ ಎಂಬುದನ್ನು ಅಧಿಕಾರಿಗಳಿಂದ ಕೇಳಿ ಬರೆಯಬೇಕೆಂದು ತಮ್ಮ ಪತ್ರಿಕೆಯನ್ನು ಕೋರುತ್ತೇನೆ.

– ಒಬ್ಬ ಓದುಗ, ದೇವನಹಳ್ಳಿ