ಮಗಳಿಗೊಂದು ಪತ್ರ: ಹಳೆಯ ಜೋಡುನಳಿಗೆಯ ಕೋವಿಯನ್ನು ಗುರುತಿಸುವ ಬಗೆ

ಚಿ. ಮಗಳಿಗೆ ಅಪ್ಪನ ಆಶೀರ್ವಾದಗಳು.

ನೀನು ಕಳುಹಿಸಿದ ಚಿತ್ರಗಳಲ್ಲಿ ನಳಿಗೆಯ ಮೇಲೆ ಕೆತ್ತಿದ ಹೆಸರೇ ಎಲ್ಲಕ್ಕಿಂತ ಸ್ಪಷ್ಟವಾಗಿದೆ. ಆದರೆ ಕೋವಿಯ ಕಾಲವನ್ನು ಹೇಳಲು ನಾನು ಕಟ್ಟಕಡೆಗೆ ನೋಡುವುದು ಅದನ್ನೇ. ಮಾರಾಟ ಮಾಡಿದ ಅಂಗಡಿಯವರೂ ತಮ್ಮ ಹೆಸರನ್ನು ಕೆತ್ತಿಸುತ್ತಿದ್ದರು, ಬೆಲ್ಜಿಯಂನಲ್ಲಿ ತಯಾರಾದ ಅಗ್ಗದ ಕೋವಿಗಳ ಮೇಲೆ ಪ್ರಸಿದ್ಧ ಇಂಗ್ಲಿಷ್ ಹೆಸರುಗಳನ್ನು ಹೋಲುವ ಹೆಸರುಗಳೂ ಇರುತ್ತಿದ್ದವು.

ಮೊದಲು ಕೋವಿಯನ್ನು ತೆರೆದು ಎರಡೂ ನಳಿಗೆಗಳು ಖಾಲಿ ಇವೆಯೆಂದು ಕಣ್ಣಾರೆ ನೋಡಿಕೋ. ಅನಂತರ ಲಾಕನ್ನು, ಅಂದರೆ ಗುಂಡು ಹಾರಿಸುವ ಯಂತ್ರಭಾಗವನ್ನು, ಗಮನಿಸು. ಒಳಭಾಗಗಳನ್ನು ಪಕ್ಕದ ಉದ್ದನೆಯ ತಟ್ಟೆಯ ಒಳಮೈಗೇ ಜೋಡಿಸಿದ್ದರೆ ಅದು ಸೈಡ್‌ಲಾಕ್. ಅದರಲ್ಲಿಯೂ ಮುಖ್ಯ ಸ್ಪ್ರಿಂಗು ಹ್ಯಾಮರಿನ (ಬಡಿದು ಗುಂಡು ಹಾರಿಸುವ ಭಾಗ) ಮುಂದಿದ್ದರೆ ಬಾರ್ ಆ್ಯಕ್ಷನ್, ಹಿಂದೆ ಮರದ ಹಿಡಿಯ ಕಡೆಗಿದ್ದರೆ ಬ್ಯಾಕ್ ಆ್ಯಕ್ಷನ್. ಬಾಕ್ಸ್‌ಲಾಕ್ ಬೇರೆಯೇ ರಚನೆ, ಅದರ ಒಳಭಾಗಗಳು ಕೋವಿಯ ಒಡಲಿನೊಳಗೇ ಕೂರುತ್ತವೆ. ಇಂಗ್ಲೆಂಡಿನ ಕೋವಿ ತಯಾರಕರಾದ ವೆಸ್ಟ್ಲಿ ರಿಚರ್ಡ್ಸ್ ಸಂಸ್ಥೆಯ ಆ್ಯನ್ಸನ್ ಮತ್ತು ಡೀಲಿ 1875ರಲ್ಲಿ ಪೇಟೆಂಟ್ ಪಡೆದ ವಿನ್ಯಾಸದಲ್ಲಿ ಹ್ಯಾಮರುಗಳು ಒಳಗೇ ಅಡಗಿದ್ದು, ನಳಿಗೆಗಳನ್ನು ಕೆಳಕ್ಕೆ ಬಾಗಿಸಿದಾಗ ತಾವಾಗಿಯೇ ಎಳೆದುಕೊಂಡು ನಿಲ್ಲುತ್ತವೆ. ಕೆಲವು ಬಾಕ್ಸ್‌ಲಾಕುಗಳಿಗೆ ಅಂದಕ್ಕಾಗಿ ಪಕ್ಕದ ತಟ್ಟೆಗಳನ್ನು ಕೂರಿಸಿರುತ್ತಾರೆ (ಇದು ನನಗೆ ಎಂದೂ ಹಿಡಿಸದ ಅಲಂಕಾರ), ಆದ್ದರಿಂದ ತಟ್ಟೆ ಕಂಡ ಮಾತ್ರಕ್ಕೆ ಸೈಡ್‌ಲಾಕ್ ಎಂದು ಬರೆದುಕೊಳ್ಳಬೇಡ.

ನಿನ್ನ ಕೋವಿಗೆ ಹೊರಗೇ ಹ್ಯಾಮರುಗಳಿವೆ. ಬಡಿದ ಮೇಲೆ ಹ್ಯಾಮರು ತಾನಾಗಿ ತುಸು ಹಿಂದೆ ಸರಿದು ನಿಲ್ಲುವಂತಿದ್ದರೆ ಅದು ರಿಬೌಂಡಿಂಗ್ ಲಾಕ್. ಇಂಗ್ಲೆಂಡಿನ ಲಾಕ್ ತಯಾರಕ ಸ್ಟ್ಯಾಂಟನ್ ಅದರ ಪೇಟೆಂಟ್ ಪಡೆದದ್ದು 1867ರಲ್ಲಿ. ಪರೀಕ್ಷಿಸಲೆಂದು ಖಾಲಿ ಕೋವಿಯ ಟ್ರಿಗರ್ ಎಳೆದು ಹ್ಯಾಮರನ್ನು ಬಡಿಯಲು ಬಿಡಬೇಡ, ತೋಟೆಯನ್ನು ಕುಟ್ಟುವ ಹಳೆಯ ಸ್ಟ್ರೈಕರ್ ಮುರಿದೀತು. ಹ್ಯಾಮರನ್ನು ಬೆರಳಿನಿಂದ ಹಿಡಿದು ಮೆಲ್ಲನೆ ಇಳಿಸಿ ನೋಡು. ಕೋವಿಯನ್ನು ತೆರೆಯುವ ಲಿವರ್ ಟ್ರಿಗರನ್ನು ಕಾಯುವ ಗಾರ್ಡಿನ ಕೆಳಗಿದೆಯೋ ಕೋವಿಯ ಮೇಲ್ಭಾಗದಲ್ಲಿದೆಯೋ ಎಂಬುದೂ ಒಂದು ಸುಳಿವು. ಆದರೆ ಪೇಟೆಂಟಿನ ವರ್ಷವು ಕೋವಿ ಅದಕ್ಕಿಂತ ಹಳೆಯದಲ್ಲ ಎಂಬುದನ್ನಷ್ಟೇ ಹೇಳುತ್ತದೆ. ಕೆಳಗಿನ ಲಿವರನ್ನೂ ಹೊರಗಿನ ಹ್ಯಾಮರನ್ನೂ ಹಲವು ತಯಾರಕರು ದಶಕಗಳ ಕಾಲ ಬಿಡದೆ ಬಳಸಿದ್ದರಿಂದ, ಹಳೆಯ ರಚನೆ ಕಂಡಿತೆಂದು ಕೋವಿಯೂ ಅಷ್ಟೇ ಹಳೆಯದೆಂದು ಭಾವಿಸಲಾಗದು.

ನಳಿಗೆಯ ಮೇಲಿನ ಸುರುಳಿ ವಿನ್ಯಾಸವನ್ನು ಕಂಡು ಡಮಾಸ್ಕಸ್ ಎಂದಿದ್ದೀಯೆ. ಕಬ್ಬಿಣ ಮತ್ತು ಉಕ್ಕಿನ ಪಟ್ಟಿಗಳನ್ನು ತಿರುಚಿ ಬೆಸೆದ ನಿಜವಾದ ಡಮಾಸ್ಕಸ್ ಅದಾಗಿರಬಹುದು, ಸಾದಾ ಉಕ್ಕಿನ ಮೇಲೆ ಮೂಡಿಸಿದ ನಕಲಿಯೂ ಆಗಿರಬಹುದು. ಮುಂಭಾಗದ ಮರದ ಹಿಡಿಯನ್ನು ಕಳಚಿ, ಅದರಡಿಯಲ್ಲಿಯೂ ವಿನ್ಯಾಸ ಮುಂದುವರಿದಿದೆಯೇ ನೋಡು. ಅಲ್ಲಿಯೇ, ನಳಿಗೆಗಳ ತಳದ ಚಪ್ಪಟೆ ಭಾಗದಲ್ಲಿ, ನಳಿಗೆ ಸಿಡಿತದ ಒತ್ತಡವನ್ನು ತಾಳುತ್ತದೆಯೇ ಎಂದು ಪರೀಕ್ಷಿಸಿ ಒತ್ತಿದ ಪರೀಕ್ಷಾ ಮುದ್ರೆಗಳಿರುತ್ತವೆ. ಅಂಡಾಕಾರದೊಳಗೆ ಇಎಲ್‌ಜಿ ಎಂಬ ಅಕ್ಷರಗಳಿದ್ದರೆ ಪರೀಕ್ಷೆ ನಡೆದದ್ದು ಬೆಲ್ಜಿಯಂನ ಲೀಜ್ ನಗರದಲ್ಲಿ, ಮೇಲೆ ಯಾವ ಇಂಗ್ಲಿಷ್ ಹೆಸರಿದ್ದರೂ ಸರಿಯೇ. ‘ನಾಟ್ ಫಾರ್ ಬಾಲ್’ (ಒಂಟಿ ಗುಂಡು ಹಾರಿಸಲು ಅಲ್ಲ) ಎಂದಿದ್ದರೆ ಅದು 1875ರಿಂದ 1887ರವರೆಗೆ ಇಂಗ್ಲೆಂಡಿನಲ್ಲಿ ಚೋಕ್ ನಳಿಗೆಗಳಿಗೆ (ಬಾಯಿಯ ಬಳಿ ತುಸು ಕಿರಿದಾಗಿರುವವು) ಒತ್ತುತ್ತಿದ್ದ ಮುದ್ರೆ. ಆ ಭಾಗದ ಚಿತ್ರವನ್ನು ಓರೆಬೆಳಕಿನಲ್ಲಿ ತೆಗೆದು ಕಳುಹಿಸು. ಉಜ್ಜಿ ಹೊಳಪು ಮಾಡಲು ಮಾತ್ರ ಹೋಗಬೇಡ.

ಇಂತಿ,
ನಿನ್ನ ಅಪ್ಪ